ಐದನೆಯ ಗುಡಿಸಲಿನ ಹುಲ್ಲು

ಹೋದ ವಾರ ಹಾನಗಲ್ಲಿನಲ್ಲಿ ನನ್ನ ಮೊಮ್ಮಗನ ಮನೆಯ ಓಣಿಯ ಕೊನೆಗೆ ಒಂದು ದನದ ಕೊಟ್ಟಿಗೆ ಸುಟ್ಟಿತು. ದನಗಳು ಮೇಯಲು ಹೋಗಿದ್ದವು, ಜೀವಕ್ಕೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಸಣ್ಣ ಮಳೆ ಬಿದ್ದು ಹೋಯಿತು. ಸುಟ್ಟ ಹುಲ್ಲಿನ ಮೇಲೆ ನೀರು ಬಿದ್ದಾಗ ಏಳುವ ನಾತ ಬೇರೆ ಯಾವುದಕ್ಕೂ ಇಲ್ಲ. ಅದು ಹೊಗೆಯೂ ಅಲ್ಲ, ಕೊಳೆತದ್ದೂ ಅಲ್ಲ. ಮೂಗಿನೊಳಗೆ ಹೋಗಿ ಕುಂತುಬಿಡುತ್ತದೆ, ಸೀನಿದರೂ ಏಳುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಅದನ್ನೇ ಕುಡಿಯುತ್ತಿದ್ದಾಗ ಒಳಗಿಂದ ಮೊಮ್ಮಗನ ಹೆಂಡತಿ ಬಂದಳು. ಓದಿದವಳು, ನನಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕುವವಳು. ಕೊಟ್ಟಿಗೆ ಕಳಕೊಂಡವನಿಗೆ ಓಣಿಯವರೆಲ್ಲ ಸೇರಿ ಏನಾದರೂ ಮಾಡಬೇಕು ಅಂತ ಮಾತು ನಡೆದಿತ್ತಂತೆ.

“ಅಂವ ಮುಂಜಾನಿಂದ ಕುಡದ ಬಿದ್ದಿರ್ತಾನ. ಅಂಥವಗ ಯಾಕ ಮಾಡಬೇಕ ಅಂತೇನಿ ನಾ,” ಅಂದಳು.

ನಾನು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಂಗಳದ ಮೂಲೆಗೆ ಹೋಗಿ ಉಗುಳಿ ಬಂದೆ. ಅವಳ ಮೇಲಿನ ಸಿಟ್ಟಿನಿಂದಲ್ಲ. ಇದೇ ಮಾತನ್ನು, ಇದೇ ನಾತದ ನಡುವೆ, ಅರವತ್ತು ವರ್ಷದ ಕೆಳಗೆ ನಾನು ಕೇಳಿದ್ದೆ. ಕೇಳಿ, ಹೌದು ಅಂತ ತಲೆಯಾಡಿಸಿದ್ದೆ.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯಲು ಕುಂತರೆ ಒತ್ತಕ್ಷರ ತಪ್ಪುತ್ತದೆ. ಮೊಮ್ಮಗ ತಿದ್ದಿಕೊಡುತ್ತೇನೆ ಅಂದಿದ್ದಾನೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಆಗ ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷ ಆಗಿರಬೇಕು. ನನ್ನ ತವರು ಶಿಗ್ಗಾವಿ ಕಡೆಯ ಹಿರೇಬೆಂಡಿಗೇರಿ. ಕೊಟ್ಟದ್ದು ತಿಳವಳ್ಳಿಯಲ್ಲಿ ಬಸ್ಸಿಳಿದು ಎರಡು ತಾಸು ನಡೆಯಬೇಕಾದ ಒಂದು ಸಣ್ಣ ಊರಿಗೆ. ಜೋಳದ ನಾಡಿನಿಂದ ಭತ್ತದ ನಾಡಿಗೆ ಬಂದಿದ್ದೆ. ರೊಟ್ಟಿ ಬಡಿಯುವ ನನ್ನ ಕೈಗೆ ಅವರ ಅನ್ನ ಬಸಿಯುವುದು ಒಗ್ಗಲು ಎರಡು ವರ್ಷ ಹಿಡಿಯಿತು. ಮಗ ಹುಟ್ಟಿದಾಗ ತವರಿನವರು ಕೊರಳಿಗೆ ಕಂಚಿನ ಗಂಟೆ ಕಟ್ಟಿ ಒಂದು ಆಕಳು ಕೊಟ್ಟಿದ್ದರು. ಅದರ ಹಾಲು ನನ್ನ ಮಗನಿಗೆ. ಅದರ ಮೇವಿಗೆ ಅಂತ ಮಾವ ಮಳೆಗಾಲಕ್ಕೆ ಕೊಟ್ಟಿಗೆಯ ಅಟ್ಟದ ಮೇಲೆ ಐದು ಹೊರೆ ಹುಲ್ಲು ಬೇರೆ ಇಡಿಸುತ್ತಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಆಕಳು, ಆ ಐದು ಹೊರೆ.

ಮಾವ ಊರಿನ ಹಿರಿಯರಲ್ಲಿ ಒಬ್ಬರು. ಕೆಟ್ಟವರಲ್ಲ. ಯಾರ ಹೊಲದ ಬದುವನ್ನೂ ಒಂದು ಬೆರಳು ಒತ್ತಿದವರಲ್ಲ. ಆದರೆ ಮನುಷ್ಯರನ್ನು ಅಕ್ಕಿ ಆರಿಸಿದಂತೆ ಆರಿಸುತ್ತಿದ್ದರು. ಇದು ಕಾಳು, ಇದು ಕಲ್ಲು. ಒಮ್ಮೆ ಕಲ್ಲು ಅಂತ ಮೊರದಿಂದ ಹೊರಗೆ ಹಾಕಿದರೆ ಮುಗಿಯಿತು.

ದ್ಯಾಮ್ಯಾ ಅವರ ಲೆಕ್ಕದಲ್ಲಿ ಕಲ್ಲು. ನನ್ನ ಲೆಕ್ಕದಲ್ಲೂ ಕಲ್ಲೇ. ಈಗ ಸತ್ತಿದ್ದಾನೆ ಅಂತ ನಾನು ಅವನನ್ನು ಒಳ್ಳೆಯವನು ಮಾಡುವುದಿಲ್ಲ. ಊರ ಹೊರಗೆ, ಕೆರೆಯ ದಂಡೆಗೆ ಹೋಗುವ ದಾರಿಯಲ್ಲಿ ಕೂಲಿಯವರ ಐದು ಹುಲ್ಲಿನ ಗುಡಿಸಲು ಇದ್ದವು. ಐದನೆಯದು ಅವನದು. ದುಡಿಯುತ್ತಿರಲಿಲ್ಲ. ದಾರೂಬಂದಿ ಇದ್ದ ಕಾಲ, ಆದರೂ ಕಳ್ಳಬಟ್ಟಿ ಎಲ್ಲಿ ಇಳಿಯುತ್ತದೆ ಅಂತ ಅವನ ಮೂಗಿಗೆ ಗೊತ್ತಾಗುತ್ತಿತ್ತು. ಕುಡಿದು ಬಂದು ಹೆಂಡತಿಗೆ ಬಡಿಯುತ್ತಿದ್ದ. ನಾನು ಬಾವಿಯ ಕಟ್ಟೆಯ ಮೇಲಿಟ್ಟ ಹಿತ್ತಾಳೆ ಚರಗಿಯನ್ನು ಹಾಡುಹಗಲು ಎತ್ತಿಕೊಂಡು ಹೋಗಿದ್ದ. ಕೇಳಲು ಹೋದರೆ, “ನಿಮ್ಮ ಚರಗಿ ನಾ ಯಾಕ ಒಯ್ಯಲ್ರಿ ಅವ್ವಾರ, ನಮ್ಮನಿಯಾಗ ಕುಡ್ಯಾಕ ನೀರ ಇಲ್ಲ,” ಅಂದು ನಕ್ಕಿದ್ದ. ಹಲ್ಲು ಮಾತ್ರ ಬೆಳ್ಳಗಿದ್ದವು.

ಅವನ ಹೆಂಡತಿ ಫಕ್ಕೀರವ್ವ, ಹಿರೇಕೆರೂರು ಕಡೆಯವಳು. ಅವಳನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ಕಳೆ ತೆಗೆಯಲು ಬಂದರೆ ದುಡಿಮೆಯಲ್ಲಿ ಇಬ್ಬರ ಸಮ, ಬಾಯಲ್ಲಿ ನಾಲ್ವರ ಸಮ. ಎರಡು ಕೂಸು ಕಳಕೊಂಡು ಮೂರನೆಯದು ಒಂದು ಹೆಣ್ಣು ಉಳಿದಿತ್ತು, ಕರಿಯವ್ವ ಅಂತ, ವರ್ಷದ ಮೇಲೆ ಆರು ತಿಂಗಳು. ನನ್ನ ಮಗನ ವಯಸ್ಸೇ.

ಯುಗಾದಿ ಕಳೆದು ತಿಂಗಳಾಗಿತ್ತು. ನಡು ಮಧ್ಯಾಹ್ನ, ಬಿಸಿಗಾಳಿ. ಗಂಡಸರು ಉಂಡು ಅಡ್ಡಾಗಿದ್ದರು. ಕೆರೆಯ ಕಡೆ ಹೊಗೆ ಕಂಡಿತು ಅನ್ನುವಷ್ಟರಲ್ಲಿ ಬೆಂಕಿ ಮೂರನೆಯ ಗುಡಿಸಲಿಗೆ ಹಾರಿತ್ತು. ಕೊಡ ಹಿಡಿದು ಓಡಿದೆವು. ಬೇಸಿಗೆಯ ಕೆರೆ, ನಡುವಿನಲ್ಲಿ ಒಂದಿಷ್ಟು ಕೆಸರು ನೀರು. ಅದನ್ನು ತುಂಬಿಕೊಂಡು ಬರುವಷ್ಟರಲ್ಲಿ ಐದೂ ಕೂತುಬಿಟ್ಟಿದ್ದವು, ಬರೀ ಮಣ್ಣಿನ ಗೋಡೆ ಕಪ್ಪಗೆ ನಿಂತಿದ್ದವು. ತಂದ ನೀರನ್ನು ಸುಮ್ಮನೆ ಆ ಬೂದಿಯ ಮೇಲೆ ಸುರಿದೆವು. ಆಗ ಎದ್ದದ್ದು ಆ ನಾತ.

ಬೆಂಕಿ ಯಾರ ಒಲೆಯಿಂದ ಎದ್ದಿತು ಅಂತ ಯಾರೂ ನೋಡಿರಲಿಲ್ಲ. ಆದರೂ ಸಂಜೆಯೊಳಗೆ ಅದು ದ್ಯಾಮ್ಯಾನ ಒಲೆಯಿಂದಲೇ ಅಂತ ಊರೆಲ್ಲ ಗಟ್ಟಿಯಾಗಿತ್ತು. ಅವನ ಮನೆಯಲ್ಲಿ ಅಂದು ಒಲೆ ಹಚ್ಚಲು ಏನಿತ್ತು ಅಂತ ಯಾರೂ ಕೇಳಲಿಲ್ಲ.

ಆ ಊರಿನಲ್ಲಿ ಒಂದು ರೂಢಿ. ಯಾರದೇ ಮನೆ ಸುಡಲಿ, ಊರಿನ ಪ್ರತಿ ಮನೆಯಿಂದ ಒಂದು ಬಿದಿರ ಗಳ, ಒಂದು ಹೊರೆ ಹುಲ್ಲು, ಒಬ್ಬ ಆಳು ಒಂದು ದಿನಕ್ಕೆ. ಸುಟ್ಟ ಮನೆಯ ಮುಯ್ಯಿ ಅನ್ನುತ್ತಿದ್ದರು. ಮುಯ್ಯಿ ಅಂದರೆ ಗೊತ್ತಲ್ಲ, ನಾಟಿಗೆ, ಒಕ್ಕಣೆಗೆ ನೀನು ನನ್ನ ಹೊಲಕ್ಕೆ ಬಾ, ನಾನು ನಿನ್ನ ಹೊಲಕ್ಕೆ ಬರುತ್ತೇನೆ ಅನ್ನುವುದು. ಅಲ್ಲಿ ಹೋಗದವನಿಗೆ ಇಲ್ಲಿ ಬರುವವರಿಲ್ಲ. ಆದರೆ ಸುಟ್ಟ ಮನೆಯ ಮುಯ್ಯಿಯಲ್ಲಿ ಹೋದದ್ದು ಬಂದದ್ದು ಯಾರೂ ನೋಡುತ್ತಿರಲಿಲ್ಲ ಅಂತ ಅತ್ತೆಯೇ ಹೇಳಿದ್ದರು. ಹುಲ್ಲಿನ ಹೊರೆಯನ್ನು ಸುಟ್ಟ ಮನೆಯ ಯಜಮಾನನ ಹೆಗಲಿಗೇ ಹೊರಿಸಬೇಕು. ಹೆಂಗಸಿನ ತಲೆಗೆ ಹೊರಿಸಿದರೆ ಆ ಮನೆಯಲ್ಲಿ ಗಂಡಸು ಸತ್ತ ಅಂತ ಅರ್ಥ, ಕೆಡುಕು.

ಆ ವರ್ಷ ತೊಡಕಾಯಿತು. ಹಿಂದಿನ ಹಿಂಗಾರು ಕೈಕೊಟ್ಟು ಭತ್ತದ ಹುಲ್ಲು ಮೊಣಕಾಲುದ್ದಕ್ಕೇ ನಿಂತಿತ್ತು. ಬಣವಿಗಳು ಸಣ್ಣವು. ಐದು ಮನೆಗೆ ಕೊಟ್ಟರೆ ದನಗಳಿಗೆ ಏನು ಅನ್ನುವ ಮಾತು ಬಂತು. ಮಾತು ಬಂದದ್ದೇ ತಡ, ಹಿರಿಯರು ಆರಿಸಲು ಕುಂತರು.

ಮೊದಲು ನಿಂಗವ್ವನ ಮನೆ. ಗಂಡ ಸತ್ತವಳು, ತಲೆ ಎತ್ತಿ ಮಾತಾಡದವಳು. ಅವಳು ಹಿರಿಯರ ಮುಂದೆ ಸೆರಗು ಬಾಯಿಗಿಟ್ಟು ಅತ್ತಳು. ಅಳುವುದನ್ನು ನೋಡಿ ಗಂಡಸರ ಮುಖದಲ್ಲಿ ಒಂದು ತಂಪು ಬಂತು, ಉಂಡಾದ ಮೇಲೆ ಮಜ್ಜಿಗೆ ಕುಡಿದವರ ಹಾಗೆ. ಒಂದು ವಾರದಲ್ಲಿ ನಾಲ್ಕು ಮನೆಗೆ ಹುಲ್ಲು ಬಿತ್ತು. ನಮ್ಮ ಮನೆಯಿಂದ ನಾಲ್ಕು ಹೊರೆ ಹೋದವು. ಹೆಂಗಸರು ಹಳೆಯ ಸೀರೆ, ಜೋಳ ಕೊಟ್ಟರು. ನಾನೂ ಕೊಟ್ಟೆ. ಏನು ಕೊಟ್ಟೆ ಅಂತ ಹೇಳಿಬಿಡುತ್ತೇನೆ. ಮಸಿಬಟ್ಟೆ ಮಾಡಲು ತೆಗೆದಿಟ್ಟ ಸೀರೆ, ನುಸಿ ಹಿಡಿದ ಜೋಳ. ನಿಂಗವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ನನಗೆ ಬಹಳ ಚೆನ್ನಾಗಿ ಅನ್ನಿಸಿತು. ಆ ಚೆನ್ನಾಗಿ ಅನ್ನಿಸಿದ್ದನ್ನು ನೆನೆದರೆ ಈಗ ಬಾಯಿ ತೊಳೆಯಬೇಕು ಅನ್ನಿಸುತ್ತದೆ.

ಐದನೆಯ ಮನೆಯ ಮಾತು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಒಂದು ಮುಂಜಾನೆ ಬಂತು. ನಾನು ಹಿರಿಯರಿಗೆ ಮಜ್ಜಿಗೆ ಒಯ್ದವಳು, ಗೋಡೆಯ ಬದಿಗೆ ಉಳಿದ ಹೆಂಗಸರ ಜೊತೆ ನಿಂತೆ.

ಮಾವ ಹೇಳಿದರು: “ನಾವು ಕೊಡೂದು ಬರೇ ಹುಲ್ಲಲ್ಲ. ಇಂವ ಯಾರ ಹೊಲಕ್ಕ ಬಂದಾನ? ಯಾರ ಮನಿ ಕಟ್ಟಾಕ ಒಂದ ಹಗ್ಗ ಹಿಡದಾನ? ಇವತ್ತ ಇವಂಗ ಕೊಟ್ರ ನಾಳೆ ದುಡಿಯೂ ಮಂದಿ ಕೇಳ್ತಾರ, ದ್ಯಾಮ್ಯಾನಂಗ ಮಲಗಿದ್ರೂ ನಡೀತೈತಲ್ಲ, ನಾವ್ಯಾಕ ಬೆನ್ನ ಮುರಕೋಬೇಕ ಅಂತ. ಆಗ ಏನ ಹೇಳೂಣು?”

ಆ ಮಾತು ಸುಳ್ಳಲ್ಲ. ಇಷ್ಟು ವರ್ಷ ಆದರೂ ಅದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಅಂದು ನಾನು ತಲೆಯಾಡಿಸಿದ್ದು ಅದಕ್ಕೇ. ನನ್ನ ಚರಗಿಯೂ ನೆನಪಿನಲ್ಲಿತ್ತು.

ಆಗ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಒಂದು ದಾರಿ ತೆಗೆದರು. “ಒಂದ ಮಾಡೂಣು. ಕೂಸಿನ ತಲಿ ಮ್ಯಾಲ ಕೈ ಇಟ್ಟ ಆಣಿ ಮಾಡ್ಲಿ. ಕುಡಿಯೂದ ಬಿಟ್ಟೆ, ಕದಿಯೂದ ಬಿಟ್ಟೆ, ಕರದಲ್ಲಿ ಮುಯ್ಯಿಗೆ ಬರ್ತೇನಿ ಅಂತ. ಮಾಡಿದ್ರ ನಾಳೆನ ಹುಲ್ಲ.”

ಎಲ್ಲರಿಗೂ ಸರಿ ಕಂಡಿತು. ಅಂಗಡಿಯವರ ತಕ್ಕಡಿಯ ಮೇಲೆ ಕೈ ಇಟ್ಟು ಆಣೆ ಮಾಡಿರಿ ಅಂತ ಅವರಿಗೆ ಯಾರೂ ಎಂದೂ ಹೇಳಿರಲಿಲ್ಲ.

ದ್ಯಾಮ್ಯಾ ಕಟ್ಟೆಯ ಕೆಳಗೆ ಕುಂತಿದ್ದವನು ಚಟ್ಟನೆ ಎದ್ದ. “ಒಂದ ಯಾಕ್ರಿ, ಹತ್ತ ಆಣಿ ಮಾಡ್ತೇನಿ. ಎಲ್ಲೈತಿ ಕೂಸು? ಏ, ತಾ ಇಲ್ಲೆ.”

ಫಕ್ಕೀರವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅವನು ಕೈ ಚಾಚಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಕೂಸಿನ ತಲೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

“ಮುಟ್ಟಬ್ಯಾಡ,” ಅಂದಳು.

“ಯಾಕಬೇ? ಹುಲ್ಲ ಬ್ಯಾಡೇನ?” ಅಂದ ಅವನು.

ಅವಳು ಕಟ್ಟೆಯ ಕಡೆ ತಿರುಗಿದಳು. “ಇಂವ ಸಂಜಿಕ ಕುಡದ ಬರ್ತಾನ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಆಮ್ಯಾಲ ಆಣಿ ತಾಗೂದು ಯಾರಿಗೆ? ನನ್ನ ಕೂಸಿಗೆ. ಎರಡ ಹೂತ ಬಂದೇನ್ರಿ ನಾ. ನಿಮ್ಮ ಹುಲ್ಲ ನೀವ ಇಟಗೊಳ್ರಿ.”

“ಸೊಕ್ಕ ನೋಡ್ರಿ ಇದರದು,” ಅಂದರು ಅಂಗಡಿಯವರು. “ಗಂಡ ದಾರಿಗೆ ಬರ್ತೇನಿ ಅಂತಾನ, ಇದು ಅಡ್ಡ ನಿಂತೈತಿ.”

ಮಾವ ಒಂದು ಗಳಿಗೆ ಅವಳನ್ನೇ ನೋಡಿದರು. ಏನೋ ಅರ್ಥವಾಯಿತು ಅಂತ ನನಗೆ ಅನ್ನಿಸಿತು. ಆದರೆ ಅಷ್ಟು ಮಂದಿಯ ಮುಂದೆ ಅರ್ಥವಾದದ್ದನ್ನು ತೋರಿಸುವ ಮನುಷ್ಯ ಅವರಲ್ಲ. “ಆಣಿ ಇಲ್ಲ ಅಂದ್ರ ಹುಲ್ಲಿಲ್ಲ,” ಅಂದು ಎದ್ದರು.

ಸುಳ್ಳು ಆಣೆಗೆ ತಯಾರಿದ್ದವನು ಅಂದು ಊರಿಗೆ ಅರ್ಧ ಒಳ್ಳೆಯವನಾದ. ಸುಳ್ಳು ಬೇಡ ಅಂದವಳು ಪೂರ್ತಿ ಕೆಟ್ಟವಳಾದಳು. ಬಾವಿಯ ಹತ್ತಿರ ಒಂದು ವಾರ ಅದೇ ಮಾತು. “ಆಕಿಗೆ ಒಂದೀಟರ ದೀನ ಐತೇನಬೇ ಮಾರ್ಯಾಗ?” ಅನ್ನುವುದು. ಮನೆ ಸುಟ್ಟವಳ ಮುಖ ಹೇಗಿರಬೇಕು ಅಂತ ಕೊಡ ತೊಳೆಯುತ್ತ ಹೆಂಗಸರು ತೀರ್ಮಾನ ಮಾಡುವುದು. ನಾನೂ ಅಲ್ಲೇ ಕೊಡ ತೊಳೆದೆ.

ಹದಿನೈದು ದಿನ ಕಳೆದಿರಬೇಕು. ರೋಹಿಣಿ ಮಳೆ ಹತ್ತಿರ ಬಂದಿತ್ತು, ಮಧ್ಯಾಹ್ನವಾದರೆ ಪಡುವಲಲ್ಲಿ ಮೋಡ ಕೂಡುತ್ತಿದ್ದವು. ಊರೆಲ್ಲ ಕೂರಿಗೆ ಸರಿಮಾಡುವ ಗಡಿಬಿಡಿ. ನಾನು ಕೆರೆಯ ಕಡೆ ಹೋದವಳು ಆ ಐದನೆಯ ಗುಡಿಸಲಿನ ಗೋಡೆಗಳನ್ನು ದಾಟಬೇಕಾಯಿತು. ಅಲ್ಲಿ ಕೂಸು ಒಂದೇ ಕುಂತಿತ್ತು. ತಾಯಿ ಅದರ ಸೊಂಟಕ್ಕೆ ಒಂದು ಚಿಂದಿ ಕಟ್ಟಿ ಅದರ ಇನ್ನೊಂದು ತುದಿಯನ್ನು ಅರೆಸುಟ್ಟ ಕಂಬಕ್ಕೆ ಕಟ್ಟಿದ್ದಳು, ಕೆರೆಗೆ ಹೋಗದಿರಲಿ ಅಂತ. ಎಲ್ಲೋ ಕೂಲಿಗೆ ಹೋಗಿದ್ದಳು. ಕೂಸು ಇದ್ದಿಲು ತಿನ್ನುತ್ತಿತ್ತು. ಬಾಯಿ, ಗಲ್ಲ, ಕೈ ಎಲ್ಲ ಕಪ್ಪು. ಮೂಗಿನ ಸಿಂಬಳ ಆ ಕಪ್ಪಿನಲ್ಲಿ ಎರಡು ಗೆರೆ ಮಾಡಿತ್ತು. ನನ್ನನ್ನು ನೋಡಿ ಕೈಲಿದ್ದ ಇದ್ದಿಲನ್ನು ನನ್ನ ಕಡೆ ಚಾಚಿತು, ತಿನ್ನು ಅಂತ.

ಕನಿಕರ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಹೇಸಿಗೆ ಬಂತು. ಆ ಕೂಸಿನ ಬಾಯಿಯದು, ಬೂದಿಯ ನಾತದ್ದು, ಅದನ್ನು ಹುಟ್ಟಿಸಿದ ಆ ಮೂಳನದು, ಕಟ್ಟೆಯ ಮೇಲೆ ಮಜ್ಜಿಗೆ ಕುಡಿದು ಎದ್ದ ಗಂಡಸರದು, ಮಜ್ಜಿಗೆ ಒಯ್ದು ಕೊಟ್ಟ ನನ್ನದು. ಒಂದೇ ಸಲಕ್ಕೆ ಎಲ್ಲದರದೂ. ಆ ಕೂಸು ಯಾರ ಮುಯ್ಯಿ ತಪ್ಪಿಸಿತ್ತು? ಯಾವ ಚರಗಿ ಕದ್ದಿತ್ತು?

ಮನೆಗೆ ಬಂದವಳೇ ಅಟ್ಟ ಹತ್ತಿ ನನ್ನ ಐದು ಹೊರೆಯಲ್ಲಿ ಎರಡನ್ನು ಕೆಳಗೆ ತಳ್ಳಿದೆ. ಅತ್ತೆ ನೋಡಿದರು. ಸವಣೂರಿನ ಎಲೆಗೆ ಸುಣ್ಣ ಹಚ್ಚುತ್ತ, “ಎಲ್ಲಿಗೆ?” ಅಂದರು.

“ಐದನೇ ಮನಿಗ್ರಿ.”

“ನಿನ್ನ ಆಕಳ ಏನ ತಿಂತೈತಿ?”

“ನನ್ನ ಆಕಳದ ಚಿಂತಿ ನಂದ್ರಿ.”

ಅವರು ಎಲೆ ಬಾಯಿಗೆ ಹಾಕಿಕೊಂಡು ಆ ಕಡೆ ತಿರುಗಿದರು. ನಾನು ದ್ಯಾಮ್ಯಾನನ್ನು ಕರೆಸಿದೆ. ಯಜಮಾನನ ಹೆಗಲಿಗೇ ಹೊರಿಸಬೇಕಲ್ಲ. ಅಷ್ಟು ಧೈರ್ಯ ಮಾಡಿದವಳಿಗೆ ಆ ರೂಢಿ ಮುರಿಯುವ ಬುದ್ಧಿ ಬರಲಿಲ್ಲ. ಫಕ್ಕೀರವ್ವನ ತಲೆಗೆ ಹೊರಿಸಿದರೆ ಅವಳ ಗಂಡ ಸತ್ತ ಹಾಗೆ, ನನ್ನ ಕೈಯಿಂದ ಅಂಥ ಕೆಡುಕು ಬೇಡ ಅಂದುಕೊಂಡೆ. ಅವನು ಬಂದ, ಒಂದು ಹೊರೆ ಒಯ್ದ, ಮತ್ತೆ ಬಂದು ಇನ್ನೊಂದು ಒಯ್ದ. “ನೀವು ದೇವ್ರಂಥವ್ರ್ರಿ ಅವ್ವಾರ,” ಅಂದ. ಅಂದದ್ದು ಕೇಳಿ ನನಗೆ ಒಳಗೊಳಗೆ ಸುಖವಾಯಿತು.

ಮರುದಿನ ಹೊತ್ತೇರುವಷ್ಟರಲ್ಲಿ ಸುದ್ದಿ ಬಂತು. ಎರಡೂ ಹೊರೆಯನ್ನು ಹಾನಗಲ್ಲಿನ ಸಂತೆಗೆ ಹೊರಟಿದ್ದ ಒಬ್ಬ ಗಾಡಿಯವನಿಗೆ ಕೊಟ್ಟು ಕಳ್ಳಬಟ್ಟಿ ಕುಡಿದಿದ್ದ.

“ನಿನ್ನ ಹುಲ್ಲು ಹಾನಗಲ್ಲ ಮುಟ್ಟಿತಂತ ನೋಡವ್ವಾ,” ಅಂದರು ಅತ್ತೆ. “ನೀ ಇನ್ನೂ ಹಾನಗಲ್ಲ ನೋಡಿಲ್ಲ, ನಿನ್ನ ಹುಲ್ಲ ನೋಡಿ ಬಂತು.”

ನನ್ನ ಗಂಡ ಊಟಕ್ಕೆ ಕುಂತವನು ನಕ್ಕ. ಮಾವ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಅವರು ಹೇಳಿದ್ದು ನಿಜವಾಗಿತ್ತು, ಅದನ್ನು ಮತ್ತೆ ಹೇಳುವ ಅವಶ್ಯಕತೆ ಅವರಿಗೆ ಇರಲಿಲ್ಲ.

ಸಿಟ್ಟಿನಲ್ಲಿ ಕೆರೆಯ ದಾರಿಗೆ ಹೋದೆ. ದ್ಯಾಮ್ಯಾ ಇರಲಿಲ್ಲ. ಫಕ್ಕೀರವ್ವ ಇದ್ದಳು. ನಾನು ಬಾಯಿ ತೆಗೆಯುವ ಮೊದಲೇ ಅವಳು ತೆಗೆದಳು.

“ಆ ಮೂಳನ ಕೈಯಾಗ ಕೊಟ್ರ್ಯಾ? ಬುದ್ಧಿ ಎಲ್ಲಿಟ್ಟಿದ್ರಿ?”

“ನಿನ್ನ ತಲಿ ಮ್ಯಾಲ ಹೊರಸಿದ್ರ ಮಂದಿ ಏನಂತಿದ್ರು?”

“ಗಂಡ ಸತ್ತಾನ ಅಂತಿದ್ರು. ಅನ್ಲಿ. ಅಂವ ಇದ್ದು ಏನ ಕಡದ ಹಾಕ್ಯಾನ? ಸತ್ತಾನ ಅಂದ್ರರ ನನಗೂ ಹಿರ್ಯಾರು ನಿಂಗವ್ವನಂಗ ಹುಲ್ಲ ಕೊಡ್ತಿದ್ರು.”

ಹೊರಳಿ ಬಂದೆ. ಇನ್ನು ಇವರ ಸುದ್ದಿ ಬೇಡ ಅಂತ ಗಟ್ಟಿ ಮಾಡಿಕೊಂಡೇ ಬಂದೆ. ಉಳಿದ ಮೂರು ಹೊರೆ ನನ್ನ ಆಕಳಿಗೆ, ಹಾಲು ನನ್ನ ಮಗನಿಗೆ. ಕೊಟ್ಟು ಮೋಸ ಹೋದವಳಿಗೆ ಮತ್ತೆ ಕೊಡುವ ಹಂಗಿಲ್ಲ. ಇಡೀ ಊರು ನನ್ನ ಬೆನ್ನಿಗಿತ್ತು. ಹಾಗೆ ಸರಿಯಾಗಿರುವುದು ಬಹಳ ಆರಾಮ.

ಆ ಆರಾಮ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮುಂಜಾನೆಯೇ ಮೋಡ ಇಳಿದು, ಹೊತ್ತು ನೆತ್ತಿಗೆ ಬರುವ ಮೊದಲು ಮಳೆ ಹಿಡಿಯಿತು. ಮೊದಲ ಮಳೆಯಂತೆ ಬಂದು ಹೋಗಲಿಲ್ಲ, ಹಿಡಿದೇ ಬಿಟ್ಟಿತು. ಊರಿಗೆಲ್ಲ ಸಂತೋಷ, ಬಿತ್ತಿಗೆ ಹದವಾಯಿತು ಅಂತ. ನಾನು ಒಲೆಯ ಮುಂದೆ ಕುಂತು ಮಗನಿಗೆ ಹಾಲು ಕಾಸುತ್ತಿದ್ದೆ. ಹಾಲು ಉಕ್ಕಿ ಒಲೆಗೆ ಬಿತ್ತು. ನಾನು ಕುಂತಲ್ಲೇ ಇದ್ದೆ, ನೋಡುತ್ತಲೇ ಇದ್ದೆ, ಆದರೂ ಇಳಿಸಲಿಲ್ಲ. ಆಮೇಲೆ ಎದ್ದು ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಕೆರೆಯ ದಾರಿ ಹಿಡಿದೆ.

ಆ ಗೋಡೆಗಳ ನಡುವೆ ಫಕ್ಕೀರವ್ವ ಒಂದು ಮೂಲೆಯಲ್ಲಿ ನಿಂತಿದ್ದಳು. ಕುಂತಿರಲಿಲ್ಲ, ನೆಲವೆಲ್ಲ ಕಪ್ಪು ಕೆಸರು. ಕೂಸನ್ನು ಎದೆಗೆ ಅವುಚಿ ಅದರ ಮೇಲೆ ಒಂದು ತೂತು ಮೊರ ಹಿಡಿದಿದ್ದಳು. ಮೊರದಿಂದ ನೀರು ಕೂಸಿನ ಬೆನ್ನ ಮೇಲೆ ಇಳಿಯುತ್ತಿತ್ತು. ಕೂಸು ಅಳುವುದು ನಿಲ್ಲಿಸಿ ಬರೀ ಬಿಕ್ಕುತ್ತಿತ್ತು, ತುಟಿ ನೀಲಿಯಾಗಿದ್ದವು. ಗೋಡೆಯ ಬದಿಗೆ ಅವಳು ಗಳಗಳನ್ನು ಒಟ್ಟಿದ್ದಳು. ಉಳಿದ ನಾಲ್ಕು ಮನೆಯವರು ಹೊಸ ಗಳ ಬಂದ ಮೇಲೆ ಎಸೆದಿದ್ದ ಅರೆಸುಟ್ಟವು. ಕೆಲವನ್ನು ಗೋಡೆಯ ಮೇಲೆ ಚಪ್ಪರದಂತೆ ಅಡ್ಡಡ್ಡ ಕಟ್ಟಿಯೂ ಇದ್ದಳು. ಮೇಲೆ ಹಾಕಲು ಹುಲ್ಲು ಇರಲಿಲ್ಲ, ಅಷ್ಟೇ.

ಬದಿಯ ನಿಂಗವ್ವನ ಹೊಸ ಗುಡಿಸಲಿನ ಬಾಗಿಲಿಗೆ ಹೋದೆ. ಒಳಗೆ ಬೆಚ್ಚಗೆ ಒಲೆ ಉರಿಯುತ್ತಿತ್ತು.

“ಆಕಿನ್ನೂ ಕೂಸನ್ನೂ ಒಳಗ ಕರ್ಕೊ. ಇಲ್ಲಾಂದ್ರ ಒಂದ ಕೈ ಹಿಡಿಯಾಕ ಬಾ, ಹುಲ್ಲ ಹಾಕೂಣು,” ಅಂದೆ.

ನಿಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. “ಕರುಳ ಚುರ್ ಅಂತೈತ್ರಿ ಅವ್ವಾರ. ಆದ್ರ ಹಿರ್ಯಾರ ಬ್ಯಾಡ ಅಂದದ್ದ ಮಾಡಿದ್ರ ನಾಳೆ ನನಗ ಯಾರ ಅದಾರ್ರಿ?”

ಅವಳ ಮುಖಕ್ಕೆ ಉಗುಳಬೇಕು ಅನ್ನಿಸಿತು. ಆಮೇಲೆ ಗೊತ್ತಾಯಿತು, ಅವಳು ಹೇಳಿದ್ದು ಸರಿಯೇ. ಅವಳಿಗೆ ಇದ್ದ ಆಸ್ತಿ ಅದೊಂದೇ, ಒಳ್ಳೆಯವಳು ಅನ್ನುವ ಹೆಸರು. ಅದರಿಂದಲೇ ಅವಳ ತಲೆಯ ಮೇಲೆ ಹುಲ್ಲು ಬಂದಿತ್ತು. ಅದನ್ನು ನೆನೆಯಲು ಬಿಟ್ಟರೆ ಅವಳಿಗೆ ಮತ್ತೇನೂ ಉಳಿಯುತ್ತಿರಲಿಲ್ಲ. ನಾವೇ ಹಾಗೆ ಮಾಡಿಟ್ಟಿದ್ದೆವು. ಮನೆ ಕೊಟ್ಟು, ಬದಲಿಗೆ ಅವಳ ಕರುಳನ್ನು ಇಸಕೊಂಡಿದ್ದೆವು.

ಫಕ್ಕೀರವ್ವನನ್ನು ಕರಕೊಂಡು ಮನೆಗೆ ಓಡಿ ಬಂದು ಉಳಿದ ಮೂರು ಹೊರೆಯನ್ನೂ ಕೆಳಗೆ ತಳ್ಳಿದೆ. ಒಂದನ್ನು ನಾನು ಹೊತ್ತೆ. ಕೂಸನ್ನು ನಮ್ಮ ಕೊಟ್ಟಿಗೆಯಲ್ಲಿ ಗೋಣಿಯೊಳಗೆ ಸುತ್ತಿ ಇಟ್ಟು, ಫಕ್ಕೀರವ್ವ ಒಂದು ಹೊತ್ತಳು. ಮೂರನೆಯದನ್ನು ಮತ್ತೆ ಬಂದು ಅವಳೇ ಹೊತ್ತಳು. ಅವಳ ತಲೆಗೆ ನಾನೇ ಕೈಯಾರೆ ಎತ್ತಿ ಹೊರಿಸಿದೆ, ಊರ ನಡುವಿನ ದಾರಿಯಲ್ಲಿ, ಬಾಗಿಲು ಬಾಗಿಲಲ್ಲಿ ಮಳೆ ನೋಡುತ್ತ ನಿಂತ ಮಂದಿಯ ಮುಂದೆ. ಯಾರೋ ಹಿಂದಿನಿಂದ, “ದ್ಯಾಮ್ಯಾ ಯಾವಾಗ ಸತ್ತ?” ಅಂದರು. ಫಕ್ಕೀರವ್ವ ಹೊರೆಯ ಕೆಳಗಿಂದಲೇ, “ಮಣ್ಣಿಗೆ ಬರ್ರಿ, ಹೇಳಿ ಕಳಸ್ತೇನಿ,” ಅಂದಳು.

ಹೆಂಗಸರು ಸೂರು ಹತ್ತುವ ಪದ್ಧತಿ ಇಲ್ಲ. ಅವಳು ಕಚ್ಚೆ ಬಿಗಿದು ಗೋಡೆ ಹತ್ತಿದಳು. ನಾನು ಕೆಳಗಿಂದ ಹುಲ್ಲಿನ ಸಿವುಡು ಎಸೆದೆ, ಅವಳು ಹಾಸಿದಳು, ಹಗ್ಗ ಎಳೆದಳು. ಕೈ ಮರಗಟ್ಟಿ ನನ್ನ ಗಂಟುಗಳೆಲ್ಲ ಸಡಿಲ. “ಜಗ್ಗಿ ಹಿಡೀರಿ, ಉಂಡಿಲ್ಲೇನ?” ಅಂತ ಮೇಲಿಂದ ಬೈದಳು. ಸಂಜೆಯ ಹೊತ್ತಿಗೆ ಒಂದು ಮೂಲೆ, ಹೆಚ್ಚೆಂದರೆ ಮೂರು ಮಂದಿ ಮಲಗುವಷ್ಟು ಜಾಗ, ಮುಚ್ಚಿತು.

ಅಷ್ಟರಲ್ಲಿ ದ್ಯಾಮ್ಯಾ ಎಲ್ಲಿಂದಲೋ ನೆನೆದು ಬಂದ. ನಿಂತು ಮೇಲೆ ನೋಡಿದ. “ಹಿಂಗ ಕಟ್ಟತಾರೇನ? ಈ ಗಂಟ ನಿಲ್ಲೂದಿಲ್ಲ,” ಅಂದ. ಅಂದು, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಒಣಗಿದ ಜಾಗದಲ್ಲಿ ಕುಂತ.

ಅವನನ್ನು ಅಲ್ಲೇ ಕೊಂದುಬಿಡಬೇಕು ಅನ್ನಿಸಿತು. ಕೂಸನ್ನು ತಂದು ಫಕ್ಕೀರವ್ವನ ಕೈಗೆ ಕೊಟ್ಟೆ. ಅವಳು ಕೂಸಿನ ತಲೆ ಒರೆಸುತ್ತ, “ಹುಲ್ಲು ಮುಗ್ಗಲಾಗೇತಿ, ನಾತ ಹೊಡೀತೈತಿ,” ಅಂದಳು. ಅಷ್ಟೇ.

ಮನೆಗೆ ಬಂದಾಗ ಮಾವ ಪಡಸಾಲೆಯಲ್ಲಿ ಕುಂತಿದ್ದರು. ನನ್ನ ಸೀರೆಯಿಂದ ಕಪ್ಪು ನೀರು ಇಳಿಯುತ್ತಿತ್ತು.

“ಅಂವ ಕೈ ಮುಗದನೇನು?” ಅಂದರು.

“ಇಲ್ರಿ ಮಾವಾರ.”

“ಆಕಿ?”

“ಹುಲ್ಲ ಮುಗ್ಗಲ ಅಂದ್ಲರಿ.”

“ಮತ್ತ ಯಾಕ ಕೊಟ್ಟಿ?”

“ಮಳಿ ಬರಾಕತ್ತಿತ್ತಲ್ರಿ.”

“ನಿನ್ನ ಆಕಳಿಗೆ ಇಲ್ಲೆ ಮೇವಿಲ್ಲ. ಹೊಸ ಹುಲ್ಲ ಬರೂತನಕ ತವರಿಗೆ ಕಳಸು,” ಅಂದರು. “ಬಿತ್ತಿಗಿ ದಿನ, ಆಳ ಯಾರೂ ಖಾಲಿ ಇಲ್ಲ. ಊರಾಗ ಖಾಲಿ ಇರಾಂವ ಒಬ್ಬನ. ಅವನ ಕೈಯಾಗ ಕೊಟ್ಟ ಕಳಸು. ನೋಡೂಣು.”

ಅವರ ಆರಿಸುವ ಬುದ್ಧಿ ಇನ್ನೂ ಮುಗಿದಿರಲಿಲ್ಲ. ಬೇಡ ಅನ್ನಲು ನನಗೆ ಬಾಯಿ ಇರಲಿಲ್ಲ. ಮರುದಿನ ದ್ಯಾಮ್ಯಾ ನನ್ನ ಆಕಳನ್ನು ಹೊಡೆದುಕೊಂಡು ಹೊರಟ. ಹಿರೇಬೆಂಡಿಗೇರಿಗೆ ಎರಡು ದಿನದ ಹಾದಿ. ನಡುವೆ ಎರಡು ಸಂತೆ, ಎಷ್ಟೋ ಕಳ್ಳಬಟ್ಟಿ. ಅವನು ಆಕಳನ್ನು ಮಾರಿದರೆ ಮಾವನ ಮಾತು ಕಲ್ಲಿನ ಮೇಲೆ ಕೆತ್ತಿದಂತೆ. ಮನೆಯಲ್ಲಿ ಎಲ್ಲರೂ ಅದಕ್ಕೇ ಕಾದರು. ನಾನು ಹೇಳುತ್ತೇನೆ, ಮಾರಿದ್ದರೂ ನಾನು ಹಾಕಿದ ಹುಲ್ಲು ತಪ್ಪಾಗುತ್ತಿರಲಿಲ್ಲ. ಆದರೆ ಅದನ್ನು ಹೇಳುವ ಧೈರ್ಯ ಅಂದು ಇರಲಿಲ್ಲ, ಒಂದು ವಾರ ಊಟ ಸೇರಲಿಲ್ಲ.

ತವರಿನಿಂದ ಅಣ್ಣನ ಕಾರ್ಡು ಬಂತು. ನಾನೇ ಕೂಡಿಸಿ ಕೂಡಿಸಿ ಓದಿದೆ. ಆಕಳು ಬಂದು ಮುಟ್ಟಿದೆ, ಚೆನ್ನಾಗಿದೆ. ಕೊರಳಲ್ಲಿ ಕಂಚಿನ ಗಂಟೆ ಇರಲಿಲ್ಲ, ಕಳುಹಿಸುವಾಗ ಬಿಚ್ಚಿಟ್ಟುಕೊಂಡಿರೇನು ಅಂತ ಕೇಳಿದ್ದ.

ಮಾವ ಕೇಳಿ ತಲೆಯಾಡಿಸಿದರು. “ಗಂಟಿ ಹೋತು. ಈಗೇನಂತಿ?”

“ಹೋದ್ರ ಹೋಗ್ಲಿರಿ ಮಾವಾರ. ಆಕಿ ಮನಿ ಸೋರೂದಿಲ್ಲಲ್ಲ.”

ಸೋರುತ್ತಿತ್ತು. ನಾನು ಹಾಕಿದ ಗಂಟುಗಳ ಕಡೆಗೆ, ಮೂಡಲ ಮೂಲೆಯಲ್ಲಿ, ಆ ಮಳೆಗಾಲವೆಲ್ಲ ಸೋರಿತು. ಫಕ್ಕೀರವ್ವ ಬಾವಿಯ ಹತ್ತಿರ ಸಿಕ್ಕಾಗಲೆಲ್ಲ ಅದಕ್ಕೆ ನನ್ನನ್ನು ಬೈಯುತ್ತಿದ್ದಳು. ಅದನ್ನು ನಾನು ಮಾವನಿಗೆ ಹೇಳಲಿಲ್ಲ.